ಮೂರು ದಿನ ತೂಗಿದ ಕಟ್ಟಿಗೆ

ನಿವೃತ್ತಿಯಾದ ಮೇಲೆ ಗುರಿ ಎಷ್ಟು, ಸಾಧನೆ ಎಷ್ಟು ಎಂದು ನನ್ನನ್ನು ಯಾರೂ ಕೇಳಿಲ್ಲ. ಬೆಳಿಗ್ಗೆ ಎದ್ದು ಚಹಾ ಕುಡಿಯುತ್ತೇನೆ, ಯಾವ ಫಾರ್ಮಿನ ಖಾನೆಯನ್ನೂ ತುಂಬುವುದಿಲ್ಲ. ಇದು ಎಂಥ ಸುಖವೆಂದು ನಮ್ಮ ಕೆಲಸ ಮಾಡಿದವರಿಗೇ ಗೊತ್ತು.

ಆ ಕೆಲಸ ಏನೆಂದು ನಮ್ಮ ಅವ್ವ ಓಣಿಯವರಿಗೆ ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು: "ಪರದೇಶದವರು ರೊಕ್ಕಾ ಕೊಡ್ತಾರ. ಅದರಿಂದ ಮಂದಿಗೆ ಒಳ್ಳೇದಾತೋ ಇಲ್ಲೋ ಅಂತ ನಮ್ಮ ಗಿರಿಜಾ ಕೇಳ್ಕೋತ ತಿರುಗ್ತಾಳ." ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನ ಧೂಳನ್ನು ಇಪ್ಪತ್ತಾರು ವರ್ಷ ಕುಡಿದ ಮೇಲೂ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಈಗ ಇದೇ ಕೆಲಸಕ್ಕೆ ಸೇರಿದ ಹುಡುಗಿಯರು ಶಿಗ್ಗಾಂವಿಯ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಟ್ಯಾಬ್ ಇರುತ್ತದೆ. "ಮೇಡಂ, ಫೀಲ್ಡಿನಾಗ ಮುಖ್ಯ ಏನ್ರಿ?" ಎಂದು ಕೇಳುತ್ತಾರೆ. ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವಂಥದಲ್ಲ ಅದು. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಇದರಲ್ಲಿಲ್ಲ. ಅವುಗಳಿಂದ ನಾನೇನೂ ಕಲಿತಿಲ್ಲ.

ನಮ್ಮಲ್ಲಿ ಪ್ರತಿ ಯೋಜನೆಯೂ ಒಂದು ದೊಡ್ಡ ಹಾಳೆಯಿಂದ ಶುರುವಾಗುತ್ತಿತ್ತು. ಏನು ಮಾಡುತ್ತೇವೆ, ಅದರಿಂದ ಏನಾಗುತ್ತದೆ, ಆಯಿತೆಂದು ಯಾವುದರಿಂದ ಗುರುತಿಸುತ್ತೇವೆ ಎಂದು ಮೂರು ಸಾಲು. ಕೊನೆಗೆ ನಾಲ್ಕನೆಯದು, ಏನಾದರೆ ಕೆಲಸ ಕೆಡಬಹುದು ಎಂಬ ಸಾಲು. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. "ಮಳೆ ಕೈಕೊಟ್ಟರೆ" ಎಂದು ಬರೆದು ಎಲ್ಲರೂ ಎದ್ದುಬಿಡುತ್ತಿದ್ದರು. ನಾವೇ ತಪ್ಪು ಅಳೆದರೆ ಎಂದು ಯಾರೂ ಬರೆದದ್ದನ್ನು ನಾನು ನೋಡಿಲ್ಲ. ನಾನೂ ಬರೆದವಳಲ್ಲ.

ಹಿರೇಕೆರೂರು ಕಡೆ ಒಮ್ಮೆ ಮಹಿಳಾ ಸಂಘಗಳ ಸಭೆಗೆ ಹಾಜರಾತಿ ಕುಸಿಯಿತು. ಕಾರಣ ಕೇಳಿ ದಾನಿಗಳ ದಿಲ್ಲಿ ಕಚೇರಿಯಿಂದ ಪತ್ರ ಬಂತು. ನಾನು ಹೊಸಬಳು. "ಆಸಕ್ತಿಯ ಕೊರತೆ" ಎಂದು ಉತ್ತರ ಬರೆದೆ. ಸಂಘದ ಅಧ್ಯಕ್ಷೆಗೆ ಅದು ಹೇಗೋ ತಿಳಿಯಿತು. ಆಕೆ ನನ್ನ ಕೈ ಹಿಡಿದು ಬೀಜದ ಹತ್ತಿಯ ಹೊಲಕ್ಕೆ ಎಳೆದೊಯ್ದಳು. ಅಲ್ಲಿ ಇಡೀ ಸಂಘ ಸಾಲಾಗಿ ನಿಂತು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಿತ್ತು. "ಕ್ರಾಸಿಂಗ್ ಹಂಗಾಮು ಐತ್ರಿ. ಮುಂಜಾನೆ ಹೂವು ಬಿಟ್ಟ ನಿಮ್ಮ ಸಭಾಕ್ಕ ಬರ್ಬೇಕೇನು? ಹೂವು ನಮ್ಮ ಸಲುವಾಗಿ ಕಾಯ್ತೈತೇನ್ರಿ?" ಎಂದಳು. ಸಭೆಯ ಹೊತ್ತನ್ನು ಸಂಜೆಗೆ ಬದಲಾಯಿಸಿದೆವು. ಆಸಕ್ತಿ ತಾನೇ ಬಂತು.

ಇನ್ನೊಮ್ಮೆ ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ಒಬ್ಬ ಮುದುಕಿಯನ್ನು ಕೇಳಬೇಕಾಯಿತು. ಮನೆಯ ನಿರ್ಧಾರ ಯಾರದು? ಗಂಡನದೋ, ಹೆಂಡತಿಯದೋ, ಇಬ್ಬರದೋ? ಆಕೆ ಅಡಿಕೆ ಅಗಿಯುತ್ತ ಯೋಚಿಸಿದಳು. "ನಾ ಹೇಳಿದ್ದನ್ನ ಅವರು ಹೇಳ್ತಾರ್ರಿ. ಇದಕ್ಕ ಯಾವ ಖಾನೆ ಐತಿ, ಅದರಾಗ ಬರ್ಕೋರಿ." ಅಂಥ ಖಾನೆ ಇರಲಿಲ್ಲ. "ಗಂಡ" ಎಂದು ಗುರುತು ಹಾಕಿ ಬಂದೆ. ದೇವರು ಕ್ಷಮಿಸಲಿ.

ಇವು ನಗುವ ತಪ್ಪುಗಳು. ಆದರೆ ಒಂದು ತಪ್ಪು ನನ್ನನ್ನು ಹತ್ತು ದಿನ ಸುಟ್ಟಿತು. ಅದನ್ನು ಹೇಳಲೆಂದೇ ಇಷ್ಟು ದೂರ ಬಂದೆ.

ನನ್ನ ನೌಕರಿಯ ಕೊನೆಯ ವರ್ಷಗಳ ಮಾತು. ನಮ್ಮ ಸಂಸ್ಥೆಗೆ ಹೊಗೆ ಕಡಿಮೆ ಮಾಡುವ ಒಲೆಯ ಯೋಜನೆ ಬಂತು. ಆ ಹೊತ್ತಿಗೆ ಬಹಳ ಮನೆಗಳಿಗೆ ಗ್ಯಾಸ್ ಬಂದಿತ್ತಾದರೂ ಅದು ಚಹಾಕ್ಕೆ ಮತ್ತು ಬೀಗರು ಬಂದಾಗಿನ ಉಪ್ಪಿಟ್ಟಿಗೆ ಮಾತ್ರ. ರೊಟ್ಟಿಗೆ ಕಟ್ಟಿಗೆ ಒಲೆಯೇ. ಹೊಸದು ಕಬ್ಬಿಣದ ಒಲೆ, ನೋಡಲು ಚಂದ, ಎತ್ತಿ ಒಯ್ಯಬಹುದು. ಅದರಿಂದ ಕಟ್ಟಿಗೆ ಎಷ್ಟು ಉಳಿಯುತ್ತದೆ ಎಂದು ತೂಗಿ ತೋರಿಸುವುದು ನನ್ನ ಜವಾಬ್ದಾರಿ.

ನಮ್ಮ ಮೇಲಧಿಕಾರಿ ಪಾಟೀಲ ಸರ್. ಮನುಷ್ಯ ಒಳ್ಳೆಯವರು. ಯಾರ ಮನೆಯಲ್ಲಿ ಜಡ್ಡಾದರೂ ಮೊದಲು ಬಂದು ಕೂಡುವವರು. ಆದರೆ ವರದಿಯ ನಕ್ಷೆಯಲ್ಲಿ ಮೇಲಕ್ಕೆ ಏರುವ ಗೆರೆಯ ಮೇಲೆ ಅವರಿಗೆ ವಿಪರೀತ ಪ್ರೀತಿ. "ಗಿರಿಜಾ ಅವರ, ತೂಕಕ್ಕ ಸಿಗದ್ದು ದಾನಿಗಳಿಗೆ ಕಾಣೂದಿಲ್ಲ" ಎನ್ನುತ್ತಿದ್ದರು. ದಾನಿ ಸಂಸ್ಥೆಯ ಪರವಾಗಿ ನಮ್ಮ ಲೆಕ್ಕ ನೋಡುತ್ತಿದ್ದವಳು ಎಲ್ಸಾ ಎಂಬ ಪರದೇಶದ ಹೆಂಗಸು. ವರ್ಷಕ್ಕೊಮ್ಮೆ ಬರುತ್ತಿದ್ದಳು, ಕಡಿಮೆ ಮಾತು, ಬಹಳ ಪ್ರಶ್ನೆ.

ಮೊದಲು ಶಿಗ್ಗಾಂವಿ ತಾಲ್ಲೂಕಿನ ದುಂಡಸಿ ಹತ್ತಿರದ ಒಂದು ಸಣ್ಣ ಊರಿನಲ್ಲಿ ಪರೀಕ್ಷೆ ಮಾಡಿದೆವು. ಹೊಸ ಒಲೆ ಕೊಡುವ ಮುಂಚೆ ಇಪ್ಪತ್ತು ಮನೆಗಳಲ್ಲಿ ಮೂರು ದಿನ ಕಟ್ಟಿಗೆ ತೂಗಿದೆವು. ಬೆಳಿಗ್ಗೆ ಒಂದು ಹೊರೆ ತೂಗಿ ಇಡುವುದು, ಮರುದಿನ ಉಳಿದದ್ದನ್ನು ತೂಗುವುದು. ಹೊಸ ಒಲೆ ಕೊಟ್ಟು ನಾಲ್ಕು ತಿಂಗಳಾದ ಮೇಲೆ ಅದೇ ಇಪ್ಪತ್ತು ಮನೆ, ಮತ್ತೆ ಮೂರು ದಿನ, ಸೋಮವಾರದಿಂದ ಬುಧವಾರ. ಶುಕ್ರವಾರವೇ ಫೋನ್ ಮಾಡಿ ತಿಳಿಸಿದ್ದೆ. ಹೇಳದೆ ಹೋಗುವುದು ಮರ್ಯಾದೆಯಲ್ಲ ಎಂದು ನನ್ನ ಭಾವನೆ.

ಮೊದಲ ಸಲ ನಾವು ಅಲ್ಲಿ ಗುರುತಿಲ್ಲದವರು. ಎರಡನೇ ಸಲ ಬೀಗರು. ನಿಂಗವ್ವನೆಂಬ ಗಟ್ಟಿ ಹೆಂಗಸು ಮೂರು ದಿನವೂ ನಮಗೆ ಊಟಕ್ಕೆ ಹಾಕಿದಳು. ಕಟಕ ರೊಟ್ಟಿ, ಕೆನೆ ಮೊಸರು, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಪಟಪಟ ಮುರಿಯುವ ಆ ರೊಟ್ಟಿಯನ್ನು ನಾನು ಬಾಯಿ ತುಂಬ ಹೊಗಳಿದೆ. ತೂಗಿ ನೋಡಿದರೆ ಕಟ್ಟಿಗೆ ಅರ್ಧಕ್ಕಿಂತ ಕಡಿಮೆ ಖರ್ಚಾಗಿತ್ತು. ನಾನು ಎರಡು ಸಲ ತಕ್ಕಡಿ ಪರೀಕ್ಷಿಸಿದೆ. ತಕ್ಕಡಿ ಸರಿಯಾಗಿಯೇ ಇತ್ತು. ಊಟದ ತಟ್ಟೆಯನ್ನು ಪರೀಕ್ಷಿಸಬೇಕೆಂದು ಹೊಳೆಯಲಿಲ್ಲ.

ಪಾಟೀಲ ಸರ್ ಕಚೇರಿಗೆಲ್ಲ ಪೇಢೆ ತರಿಸಿದರು. ನಾನು ವರದಿ ಬರೆದೆ. ಅದರಲ್ಲೊಂದು ವಾಕ್ಯ: "ಮನೆಯ ಎಲ್ಲ ಅಡುಗೆಗೂ ಹೊಸ ಒಲೆ ಸಾಕಾಗುತ್ತದೆ." ಆ ಸಂಖ್ಯೆಯ ಖುಷಿಯಲ್ಲಿ ಬರೆದ ವಾಕ್ಯ. ಅದನ್ನು ಹಿಡಿದೇ ಮುಂದಿನ ಹಂತದ ಹಾಳೆಯಲ್ಲಿ ಹೊಸ ಷರತ್ತು ಬಂತು: ಹೊಸದೇ ಸಾಕಾದರೆ ಹಳೆಯದು ಯಾಕೆ? ಹೊಸ ಒಲೆ ಬೇಕೆಂದರೆ ಹಳೆ ಒಲೆ ಒಡೆಯಬೇಕು. ಓಣಿಯ ಪ್ರತಿ ಮನೆಯೂ ಒಪ್ಪಿದರೆ ಮಾತ್ರ ಆ ಓಣಿಗೆ ಒಲೆ. ಒಡೆದ ಒಲೆಗಳ ಸಂಖ್ಯೆಯೇ ಸಾಧನೆಯ ಗುರುತು.

ಮುಂದಿನ ಹಂತದ ಮೊದಲ ಓಣಿ ಸವಣೂರಿನದು. ಅಲ್ಲಿದ್ದವಳು ಖೈರುನಬಿ. ಊರಿನ ಎರಡು ಖಾನಾವಳಿಗಳಿಗೆ ದಿನಾ ರೊಟ್ಟಿ ಮಾಡಿಕೊಡುವವಳು. ಗಂಡ ಹಮಾಲಿ ಮಾಡಿ ಬೆನ್ನು ಕಳೆದುಕೊಂಡು ಮನೆಯಲ್ಲಿದ್ದ. ಮನೆ ನಡೆಯುತ್ತಿದ್ದದ್ದು ಆಕೆಯ ಒಲೆಯಿಂದ. ಅದೂ ಆಕೆಯೇ ಮಣ್ಣು ಕಲಸಿ ಕಟ್ಟಿದ ಉದ್ದನೆಯ ಒಲೆ, ಎರಡು ದೊಡ್ಡ ಹಂಚು ಒಟ್ಟಿಗೆ ಕೂಡುವಂಥದು.

"ಅಕ್ಕಾರ, ನಿಮ್ಮ ಒಲಿ ಬಾಯಿ ನೋಡ್ರಿ, ಗುಬ್ಬಿ ಬಾಯಿ ಆದಂಗ ಐತಿ. ಇದರ ಮ್ಯಾಲ ನನ್ನ ಹಂಚು ಹೆಂಗ ಕೂಡ್ತೈತಿ?" ಎಂದು ಕೇಳಿದಳು.

"ದುಂಡಸಿ ಕಡೆ ಇಪ್ಪತ್ತು ಮನ್ಯಾಗ ತೂಗಿ ನೋಡೇವಿ, ಸಾಕಾಗ್ತೈತಿ. ವರದಿ ಐತಿ ನಮ್ಮ ಹತ್ರ" ಎಂದೆ.

"ವರದಿ ರೊಟ್ಟಿ ಬಡಿತೈತೇನ್ರಿ?"

ಓಣಿಯ ಹೆಂಗಸರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಹೊಸದನ್ನು ಒಪ್ಪಲು ಮಂದಿಗೆ ಹಿಂಜರಿಕೆ ಇರುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರಲ್ಲ, ಅದನ್ನೇ ಆಕೆಯ ಹೆಸರಿನ ಮುಂದೆ ಬರೆದುಕೊಂಡೆ. ಆದರೆ ಆಕೆ ಒಪ್ಪದಿದ್ದರೆ ಇಡೀ ಓಣಿಗೆ ಒಲೆ ಇಲ್ಲ. ಪಕ್ಕದ ಮನೆಯಲ್ಲಿದ್ದ ಖೈರುನಬಿಯ ನಾದಿನಿಗೆ ದಮ್ಮು, ಅವಳು ಹೊಸ ಒಲೆಗೆ ಕಾಯುತ್ತಿದ್ದಳು. ಒಂದು ವಾರ ಬಿಟ್ಟು ಖೈರುನಬಿ ಹೆಬ್ಬೆಟ್ಟು ಒತ್ತಿದಳು. "ನನ್ನಿಂದ ಓಣಿಗೆ ತಪ್ಪೂದು ಬ್ಯಾಡ್ರಿ. ಆದ್ರ ಒಡದ ಮ್ಯಾಲ ಆಗ್ಲಿಲ್ಲ ಅಂದ್ರ ಖಾನಾವಳಿಗೆ ನಾ ಏನ್ ಕೊಡ್ಲಿ? ಅದೊಂದು ಹೇಳಿ ಹೋಗ್ರಿ" ಎಂದಳು. ನಾನು ಹೆಬ್ಬೆಟ್ಟಿನ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಒಲೆ ಒಡೆಯುವ ದಿನ ಗೊತ್ತಾಯಿತು. ಎಲ್ಸಾಳೂ ಅಂದು ಬರುವವಳಿದ್ದಳು, ಆಕೆ ನೋಡಿ ಹೋದ ಮೇಲೆಯೇ ಎರಡನೇ ಹಂತದ ಹಣ ಮಂಜೂರಾಗಬೇಕಿತ್ತು.

ಅದಕ್ಕೆ ಹತ್ತು ದಿನ ಮುಂಚಿನ ರವಿವಾರ. ಮರುದಿನದಿಂದ ಹಿರೇಕೆರೂರಿನಲ್ಲಿ ಮೂರು ದಿನದ ತಿರುಗಾಟವಿತ್ತು. ಅಂಥ ರವಿವಾರಗಳಲ್ಲಿ ನಾನು ಮಾಡುವ ಕೆಲಸ ಒಂದೇ, ರೊಟ್ಟಿ ಬಡಿದು, ಕೆಡದಂತೆ ಗರಿಗರಿಯಾಗಿ ಒಣಗಿಸಿ ಕಟಕ ಮಾಡಿ ಬುಟ್ಟಿಗೆ ತುಂಬುವುದು. ನಾನಿಲ್ಲದಾಗ ನಮ್ಮ ಯಜಮಾನರು ಅನ್ನ, ಸಾರು ಮಾಡಿಕೊಂಡರೆ ಸಾಕು. ಅವರು ಒಳಗೆ ಬಂದು ಬುಟ್ಟಿ ನೋಡಿ ನಕ್ಕರು. "ಮೂರ ದಿನ ರೊಟ್ಟಿಗಂತ ಒಲಿ ಹಚ್ಚಬಾರ್ದು ಅಂತ ಎಲ್ಲಾ ಇವತ್ತ ಸುಟ್ಟ ಇಡಾಕತ್ತಿ ಏನು?"

ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೈಯಲ್ಲೇ ಉಳಿಯಿತು.

ಗ್ಯಾಸ್ ಆರಿಸಿ, ಸೀರೆಗೆ ಹತ್ತಿದ ಹಿಟ್ಟನ್ನೂ ಕೊಡವದೆ ದುಂಡಸಿ ಬಸ್ಸು ಹತ್ತಿದೆ. ಅಲ್ಲಿಂದ ಕಟ್ಟಿಗೆ ತೂಗಿದ ಆ ಊರಿಗೆ ನಡೆದು ಹೋದೆ. ಹೇಳದೆ ಹೋದದ್ದು ಅದೇ ಮೊದಲು. ಊರು ಇನ್ನೂ ದೂರವಿರುವಾಗಲೇ ಹಿತ್ತಿಲು ಹಿತ್ತಿಲಿನಿಂದ ಹೊಗೆ ಏಳುತ್ತಿದ್ದದ್ದು ಕಂಡಿತು. ನಿಂಗವ್ವ ಹಳೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ರೊಟ್ಟಿ ಗೋಪುರವಾಗಿತ್ತು. ಹೊಸ ಒಲೆ ಒಳಗೆ ಥಳಥಳ ಹೊಳೆಯುತ್ತಿತ್ತು.

"ನಿಂಗವ್ವ, ನಾವು ತೂಗಾಕ ಬಂದಾಗ ರೊಟ್ಟಿ ಯಾವಾಗ ಮಾಡಿದ್ದಿ?" ಎಂದು ಕೇಳಿದೆ.

"ಹಿಂದಿನ ದಿನಾರಿ. ನೀವು ಮೂರ ದಿನ ಬರ್ತೇನಿ ಅಂತ ಫೋನ್ ಮಾಡಿದ್ರೆಲ್ಲ. ಬೀಗರ ಮುಂದ ಹೊಗ್ಯಾಗ ಕುಂತು ಕೆಮ್ಮಕೋತ ರೊಟ್ಟಿ ಬಡಿಯೂದು ಚಂದ ಏನ್ರಿ? ಓಣಿಯವರೆಲ್ಲಾ ಮಾತಾಡ್ಕೊಂಡು ರವಿವಾರನ ಮುಗಿಸಿ ಇಟ್ಟಿದ್ವಿ. ಹೊಸಾ ಒಲ್ಯಾಗ ಪಲ್ಯಾ, ಅನ್ನ ಚಲೋ ಆಗ್ತಾವ್ರಿ. ರೊಟ್ಟಿ ಒಂದು ಆಗೂದಿಲ್ಲ."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ! ಕಟಕ ರೊಟ್ಟಿ ತಿಂದು ಭಾರಿ ಆಗ್ಯಾವು ಅಂದ್ರಿ. ತಿಂದವರಿಗೆ ಗೊತ್ತಾಗಿರ್ತೈತಿ ಬಿಡು ಅಂದ್ಕೊಂಡ್ವಿ."

ಆಕೆಯ ಮಾತಿನಲ್ಲಿ ಮೋಸ ಒಂದಿಷ್ಟೂ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ನನ್ನದಾಗಿತ್ತು. ಆ ಮೂರು ದಿನವೂ ಪುರಾವೆ ನನ್ನ ತಟ್ಟೆಯಲ್ಲಿತ್ತು, ನಾನು ಅದಕ್ಕೆ ಚಟ್ನಿ ಹಚ್ಚಿಕೊಂಡು ತಿಂದಿದ್ದೆ. ಪ್ರತಿ ರವಿವಾರ ನಾನೇ ಮಾಡುವ ಕೆಲಸವನ್ನು ಬೇರೆ ಹೆಂಗಸರೂ ಮಾಡಬಹುದೆಂದು ನನ್ನ ತಲೆಗೆ ಬರಲಿಲ್ಲ. ಕೈಯಲ್ಲಿ ತಕ್ಕಡಿ ಹಿಡಿದ ಕೂಡಲೇ ನಾನು ಹೆಂಗಸೆಂಬುದನ್ನೂ ಮರೆತು ಅಧಿಕಾರಿಯಾಗಿಬಿಟ್ಟಿದ್ದೆ.

ಮರುದಿನ ಹಿರೇಕೆರೂರಿಗೆ ಹೊರಡುವ ಮುಂಚೆಯೇ ಕಚೇರಿಗೆ ಹೋಗಿ ಪಾಟೀಲ ಸರ್‌ಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ಈಗ ಹೇಳಿದ್ರ ಎರಡನೇ ಹಂತ ನಿಲ್ತೈತಿ, ಗಿರಿಜಾ ಅವರ. ನಮ್ಮ ಎಲ್ಲಾರದೂ ಕರಾರು ಮಾರ್ಚಿಗೆ ಮುಗಿತೈತಿ. ಆ ಹುಡುಗ್ಯಾರು ಮೊನ್ನೆ ಮೊನ್ನೆ ಸೇರ್ಯಾರ. ಮಂಜೂರಿ ಆಗ್ಲಿ, ಆಮ್ಯಾಲ ನಿಧಾನಕ್ಕ ಸರಿ ಮಾಡೋಣು."

"ಅಷ್ಟರಾಗ ಒಲಿ ಒಡದಿರ್ತೈತ್ರಿ ಸರ್."

ಅವರು ಮೇಜಿನ ಮೇಲಿನ ಫೈಲು ಎಳೆದುಕೊಂಡರು. ನಾನೂ ಎದ್ದು ಹಿರೇಕೆರೂರು ಬಸ್ಸು ಹತ್ತಿದೆ. ಇದನ್ನು ಮುಚ್ಚಿಟ್ಟು ಬರೆಯುವುದಿಲ್ಲ: ಅಂದೇ ಎಲ್ಸಾಳಿಗೆ ಒಂದು ಪತ್ರ ಬರೆಯಬಹುದಿತ್ತು, ಬರೆಯಲಿಲ್ಲ. ಹುಡುಗಿಯರ ನೌಕರಿಯ ಚಿಂತೆ ಇತ್ತು ಎನ್ನುವುದು ಅರ್ಧ ನಿಜ. ಉಳಿದರ್ಧ ನಾಚಿಕೆ. ಎರಡು ದಶಕ ಅಳತೆ ಮಾಡಿದವಳು ರೊಟ್ಟಿಯಲ್ಲಿ ಎಡವಿದಳು ಎಂದು ನಾಲ್ಕು ತಾಲ್ಲೂಕು ನಗುತ್ತದೆ ಎಂಬ ಭಯ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಹತ್ತು ದಿನ ನಾನು ರೊಟ್ಟಿ ಮುಟ್ಟಲಿಲ್ಲ. ಹಿರೇಕೆರೂರಿನಲ್ಲಿ ಮೂರು ಹೊತ್ತೂ ಇಡ್ಲಿ ತಿಂದೆ.

ಆ ದಿನ ಬಂತು. ಖೈರುನಬಿಯ ಮನೆ ಮುಂದೆ ನೀರು ಹೊಡೆದಿದ್ದರು. ಎಲ್ಸಾ ಕುಳಿತುಕೊಳ್ಳಲು ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ಒಲೆ ಒಡೆಯಲು ಬಂದ ಗೌಂಡಿ ಹಾರೆ ಹಿಡಿದು ನಿಂತಿದ್ದ, ಹಾರೆಗೆ ಯಾರೋ ಹೂವಿನ ಸರ ಕಟ್ಟಿದ್ದರು. ನಮ್ಮ ಹುಡುಗಿಯೊಬ್ಬಳು ಫೋಟೊ ತೆಗೆಯಲು ಮೊಬೈಲ್ ಎತ್ತಿ ಹಿಡಿದಿದ್ದಳು. ಖೈರುನಬಿ ಅಂದಿನ ಖಾನಾವಳಿ ರೊಟ್ಟಿಯನ್ನು ನಸುಕಿನಲ್ಲೇ ಮುಗಿಸಿ, ಒಲೆಯ ಬೂದಿ ತೆಗೆದು, ಅದನ್ನು ಸಾರಿಸಿ ಇಟ್ಟಿದ್ದಳು. ಒಡೆಯುವ ಒಲೆಯನ್ನು ಯಾರಾದರೂ ಸಾರಿಸುತ್ತಾರೆಯೇ? ಆ ಒದ್ದೆ ಮಣ್ಣು ನೋಡಿ ನನಗೆ ತಡೆಯಲಾಗಲಿಲ್ಲ.

"ಸರ್, ಒಂದು ನಿಮಿಷ" ಎಂದೆ. ಪಾಟೀಲ ಸರ್ ನನ್ನ ಮುಖ ನೋಡಿದರು. ಬೇಡ ಎನ್ನುತ್ತಾರೆಂದು ಕಾದೆ. ಅವರು ತಲೆ ತಗ್ಗಿಸಿದರು, ಬೇಡ ಎನ್ನಲಿಲ್ಲ.

ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಸಾಳಿಗೆ ಹೇಳಿದೆ. ಅಳತೆ ತಪ್ಪಿದೆ. ತಪ್ಪಿದವಳು ನಾನು. ಕಟಕ ರೊಟ್ಟಿ ಎಂದರೇನು, ಅದು ಎಷ್ಟು ದಿನ ಕೆಡದೆ ಇರುತ್ತದೆ, ರವಿವಾರ ಏನಾಗಿತ್ತು, ಎಲ್ಲವನ್ನೂ ಹೇಳಿದೆ. ಆಕೆ ಕುರ್ಚಿಯಿಂದ ಎದ್ದಳು. ಬೈಯುತ್ತಾಳೆ ಎಂದುಕೊಂಡೆ. ಆಕೆ ಖೈರುನಬಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹೊಸ ಒಲೆಯ ಮೇಲೆ ಒಂದು ರೊಟ್ಟಿ ಮಾಡಿ ತೋರಿಸುವಿಯಾ ಎಂದು ನನ್ನ ಮೂಲಕ ಕೇಳಿದಳು.

ನಾವು ತಂದಿದ್ದ ಹೊಸ ಒಲೆಯನ್ನು ಖೈರುನಬಿ ಹಚ್ಚಿದಳು. ಹಂಚು ಅದರ ಮೇಲೆ ಓಲಾಡಿತು. ರೊಟ್ಟಿ ನಡುವೆ ಕಪ್ಪಾಯಿತು, ಅಂಚು ಹಸಿಯಾಗಿಯೇ ಉಳಿಯಿತು. ಎಲ್ಸಾ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು, ಮುಖ ಸಿಂಡರಿಸಿದಳು. ಆಮೇಲೆ ತನ್ನ ಹಾಳೆ ತೆಗೆದು, ಒಡೆದ ಒಲೆಗಳು ಎಂಬ ಸಾಲಿನ ಮೇಲೆ ಗೀಟು ಎಳೆದಳು. ಏಳು ದಿನ ತೂಗಿರಿ, ರವಿವಾರವೂ ಸೇರಿ, ಎಂದಳು. ಅಷ್ಟೇ.

ಮುಂದಾದದ್ದನ್ನೂ ಹೇಳಿಬಿಡುತ್ತೇನೆ, ಹುಡುಗಿಯರಿಗೆ ತಿಳಿದಿರಲಿ. ಏಳು ದಿನ ತೂಗಿದಾಗ ಉಳಿತಾಯ ಹೇಳಿಕೊಳ್ಳುವಷ್ಟು ಇರಲಿಲ್ಲ. ಎರಡನೇ ಹಂತ ತಡವಾಯಿತು, ಕೆಲ ತಿಂಗಳು ನಮಗೆ ಪಗಾರ ಇರಲಿಲ್ಲ, ಇಬ್ಬರು ಹುಡುಗಿಯರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಅವರ ಎದುರು ನನಗೆ ಈಗಲೂ ಸಂಕೋಚ. ಕೊನೆಗೆ ಯೋಜನೆ ಬಂದಾಗ ಒಡೆಯುವ ಮಾತೇ ಇರಲಿಲ್ಲ. ಇದ್ದ ಮಣ್ಣಿನ ಒಲೆಗೇ ಹೊಗೆಯ ಕೊಳವೆ ಕೂರಿಸಿದರು. ದಮ್ಮಿನ ನಾದಿನಿಯ ಮನೆಗೇ ಮೊದಲು.

ಆದರೆ ಅದೆಲ್ಲ ಆಮೇಲಿನದು. ಅಂದು, ಆ ಅಂಗಳದಲ್ಲಿ, ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಗೌಂಡಿ ಹೂವು ಕಟ್ಟಿದ ಹಾರೆ ಹಿಡಿದು ನಿಂತೇ ಇದ್ದ. ಖೈರುನಬಿಗೆ ಇಂಗ್ಲಿಷ್ ತಿಳಿದಿರಲಿಲ್ಲ, ಒಲೆ ಉಳಿಯಿತೆಂದು ನಾನೇ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದಲ ದಿನಾನ ನನ್ನ ಮಾತು ಕೇಳಿದ್ರ ಇಷ್ಟೆಲ್ಲಾ ಯಾಕ ಬೇಕಿತ್ತು, ಅಕ್ಕಾರ?" ಎಂದಳು. ಬೈದಳೋ, ಸಮಾಧಾನ ಹೇಳಿದಳೋ, ಎರಡೂ ಇತ್ತು. ಆಮೇಲೆ ಗೌಂಡಿಯ ಕಡೆ ತಿರುಗಿದಳು. "ಹಾರಿ ಆ ಕಡೆ ಇಡ್ರಿ. ಎಲ್ಲಾರೂ ಕುಂತ್ರಿ. ಹಿಟ್ಟು ಐತಿ, ರೊಟ್ಟಿ ಮಾಡ್ತೇನಿ."

ಸಾರಿಸಿದ ಒಲೆಗೆ ಮತ್ತೆ ಬೆಂಕಿ ಬಿತ್ತು. ಎರಡು ಹಂಚು ಏರಿದವು. ಒಡೆಯಲು ಬಂದವರೆಲ್ಲ ಅದರ ಸುತ್ತ ಚಕ್ಕಳಮಕ್ಕಳ ಹಾಕಿ ಕುಳಿತೆವು, ಗೌಂಡಿ, ಎಲ್ಸಾ, ನಮ್ಮ ಹುಡುಗಿಯರು, ಪಾಟೀಲ ಸರ್. ಬಿಸಿ ರೊಟ್ಟಿ, ಮೇಲೆ ಸವಣೂರಿನ ಖಾರ, ಎಣ್ಣೆ. ಪಾಟೀಲ ಸರ್ ಎರಡನೇ ರೊಟ್ಟಿ ಮುರಿಯುತ್ತ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು, "ನಮ್ಮ ಮನ್ಯಾಗೂ ರವಿವಾರನ ಮಾಡ್ತಾರ್ರಿ. ಆ ಸಂಖ್ಯೆ ನೋಡಿದ ದಿನಾನ ನನಗ ಸಂಶಯ ಬಂದಿತ್ತು. ನೀವು ಹೇಳಿದ್ರಿ, ನಾ ಪಾರಾದೆ."

ನನ್ನ ಬಾಯಿ ತುಂಬಿತ್ತು. ಅಂದು ನಾಲ್ಕು ರೊಟ್ಟಿ ತಿಂದೆ.